ಸ್ನೂಸ್ ಬೀದಿಯಲ್ಲಿ ದೊಡ್ಡಮ್ಮನ ಕಡ್ಡಿಪುಡಿ

ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಸೀಡರ್ ಅವೆನ್ಯೂ ಎಂಬ ರಸ್ತೆಯಿದೆ. ನೂರು ವರ್ಷದ ಕೆಳಗೆ ಜನ ಅದಕ್ಕೆ ‘ಸ್ನೂಸ್ ಬುಲೆವಾರ್ಡ್’ ಎಂದು ಅಡ್ಡಹೆಸರಿಟ್ಟಿದ್ದರು. ಸ್ನೂಸ್ ಎಂದರೆ ಸ್ವೀಡನ್ನಿನವರು ಮೇಲ್ದುಟಿಯ ಒಳಗೆ ಒತ್ತಿಟ್ಟುಕೊಳ್ಳುವ ಒದ್ದೆ ಹೊಗೆಸೊಪ್ಪಿನ ಪುಡಿ. ಅಲ್ಲಿ ನೆಲೆ ನಿಂತಿದ್ದ ಸ್ಕ್ಯಾಂಡಿನೇವಿಯಾದವರಿಗೆ ಅದಿಲ್ಲದೆ ಹೊತ್ತು ಹೋಗುತ್ತಿರಲಿಲ್ಲ, ಬೀದಿಗೂ ಅದೇ ಹೆಸರು ಅಂಟಿಕೊಂಡಿತು. ನಮ್ಮ ಚಿತ್ರದುರ್ಗದ ಬೀದಿಗಳಿಗೆ ದೇವರ ಹೆಸರಿದೆ, ನಾಯಕರ ಹೆಸರಿದೆ, ಜಾತಿಯ ಹೆಸರಿದೆ, ಹೊಂಡವೊಂದಕ್ಕೆ ಸಂತೆಯ ಹೆಸರೂ ಇದೆ. ಕಡ್ಡಿಪುಡಿ ಬೀದಿ ಅಂತ ಮಾತ್ರ ಎಲ್ಲೂ ಇಲ್ಲ. ಹೆಂಗಸರು ಎಲೆಯಡಿಕೆ ಜೊತೆ ಹಾಕಿಕೊಂಡಿದ್ದನ್ನು ಯಾರು ತಾನೆ ಲೆಕ್ಕಕ್ಕೆ ಹಿಡಿದರು?

ನಾನು ಆ ಸ್ನೂಸ್ ಬೀದಿಯಲ್ಲಿ ನಿಲ್ಲುವಂತಾದದ್ದು ದೊಡ್ಡಮ್ಮನ ದೆಸೆಯಿಂದ. ಅವರ ತವರು ಹಿರಿಯೂರು ಸೀಮೆ, ಕೊಟ್ಟದ್ದು ಹೊಳಲ್ಕೆರೆ ತಾಲ್ಲೂಕಿನ ಅಡಿಕೆ ತೋಟದ ಮನೆಗೆ. ಮಗಳು ಹೊಸದುರ್ಗದಲ್ಲಿ, ಮಗ ಮಿನಿಯಾಪೊಲಿಸ್ಸಿನ ಹೊರವಲಯದಲ್ಲಿ. ಸೊಸೆಯ ಬಾಣಂತನಕ್ಕೆ ಹೊರಟ ಅವರಿಗೆ ಎರಡು ಕಡೆ ವಿಮಾನ ಬದಲಿಸಿ ಹೋಗಿ ಸೇರುವ ಧೈರ್ಯವಿರಲಿಲ್ಲ. ಮೇಷ್ಟರ ಕೆಲಸದಿಂದ ನಿವೃತ್ತನಾಗಿ ಚಿತ್ರದುರ್ಗದಲ್ಲಿ ಖಾಲಿ ಕೂತಿದ್ದ ನನ್ನನ್ನು ಜೊತೆ ಮಾಡಿದರು. ಅವರ ಪೆಟ್ಟಿಗೆಯಲ್ಲಿ ಬಾಣಂತಿ ಲೇಹ, ಹುರಿದ ಬೆಳ್ಳುಳ್ಳಿ, ಮಗುವಿಗೆ ಹಳೇ ಸೀರೆಯ ಕೌದಿ. ಅದರ ನಡುವೆ ಎಲೆಯಡಿಕೆ ಚೀಲ, ಭೀಮಸಮುದ್ರದ ಅಡಿಕೆ, ಬಟ್ಟೆಯಲ್ಲಿ ಸುತ್ತಿದ ಗಾಜಿನ ಬಾಟಲಿಯಲ್ಲಿ ಕಡ್ಡಿಪುಡಿ.

ಕಡ್ಡಿಪುಡಿ ಕಾಣದವರಿಗಾಗಿ ಎರಡು ಮಾತು. ಹೊಗೆಸೊಪ್ಪಿನ ಗಿಡದಲ್ಲಿ ಎಲೆ ಬೀಡಿಗೋ ಸಿಗರೇಟಿಗೋ ಹೋಗುತ್ತದೆ. ಉಳಿಯುವ ಕಾಂಡವನ್ನೂ ಎಲೆಯ ತೊಟ್ಟನ್ನೂ ಒಣಗಿಸಿ ಕುಟ್ಟಿದರೆ ಕಡ್ಡಿಪುಡಿ. ಬೆಲ್ಲದ ನೀರು ಹಾಕಿ ಇಟ್ಟಿಗೆಯಂತೆ ಅಚ್ಚು ಕಟ್ಟುವುದೂ ಉಂಟು. ಬಡವರ ಹೊಗೆಸೊಪ್ಪು ಅದು, ಹೆಚ್ಚಾಗಿ ಹೆಂಗಸರದು. ಕಳೆ ಕೀಳುವಾಗ, ಅಡಿಕೆ ಸುಲಿಯುವಾಗ ಬೀಡಿ ಸೇದುತ್ತಾ ಕೂರಲಾಗುವುದಿಲ್ಲ, ಹೆಂಗಸು ಬೀಡಿ ಹಚ್ಚಿದರೆ ಊರು ಸುಮ್ಮನಿರುವುದೂ ಇಲ್ಲ. ದವಡೆಯಲ್ಲಿ ಒಂದು ಚಿಟಿಕೆ ಇಟ್ಟುಕೊಂಡರೆ ಕೇಳುವವರಿಲ್ಲ.

ಮಗುವಿಗೆ ಹೆಸರಿಡುವ ಹೊತ್ತಿಗೆ ಬಾಟಲಿ ಖಾಲಿಯಾಯಿತು. ಭಾರತದವರ ಅಂಗಡಿಯಲ್ಲಿ ವೀಳ್ಯದೆಲೆ ಸಿಕ್ಕಿತು, ಸುಣ್ಣ ಸಿಕ್ಕಿತು, ಕಡ್ಡಿಪುಡಿ ಎಂದರೆ ಕೌಂಟರಿನ ಹುಡುಗಿ ಊದುಬತ್ತಿ ತೋರಿಸಿದಳು. ದೊಡ್ಡಮ್ಮ ಮಾತು ಕಡಿಮೆ ಮಾಡಿದರು, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಮಗನ ಮೇಲೆ ರೇಗಿದರು. ನಿಕೋಟಿನ್ ಬಿಟ್ಟವರ ಸಿಡಿಮಿಡಿ ಅದು, ಪುಸ್ತಕದಲ್ಲಿ ಬರೆದಂತೆಯೇ ಇತ್ತು. ಅವರ ಮಗ, ನನಗೆ ತಮ್ಮನಾಗಬೇಕು, ನನ್ನನ್ನು ಗ್ಯಾರೇಜಿಗೆ ಕರೆದು ಗುಟ್ಟಾಗಿ ಹೇಳಿದ: “ಅಣ್ಣ, ಇಲ್ಲಿ ಟೊಬ್ಯಾಕೊ ಶಾಪ್ ಅಂತ ಇರ್ತವೆ. ನಾನು ಒಂದಿನಾನೂ ಒಳಗೆ ಹೋಗಿಲ್ಲ. ನೀವು ಹೋಗಿ ನೋಡ್ತೀರಾ?” ಹೋದೆವು, ದೊಡ್ಡಮ್ಮನೂ ಸೇರಿ. ಮೂಸಿ ನೋಡದೆ ಕೊಳ್ಳುವುದು ಅವರ ಜಾಯಮಾನವಲ್ಲ.

ಬಟ್ಟೆ ಒಗೆಯುವ ಅಂಗಡಿಗೂ ಪಿಜ್ಜಾ ಅಂಗಡಿಗೂ ನಡುವೆ ಇತ್ತು ಅದು. ನಮ್ಮಲ್ಲಿ ಹೊಗೆಸೊಪ್ಪಿನ ಅಂಗಡಿ ಎಂದರೆ ಮೂರು ಅಡಿ ಅಗಲದ ಗೂಡಂಗಡಿ, ಎದುರಿಗೆ ತೂಗುವ ಪೊಟ್ಟಣಗಳ ಮಾಲೆ. ಇಲ್ಲಿ ಒಂದು ಕೋಣೆಯನ್ನೇ ಸಿಗಾರಿಗೆ ಬಿಟ್ಟು, ಅದರೊಳಗಿನ ಗಾಳಿಗೆ ಇಷ್ಟೇ ತೇವ ಇರಬೇಕೆಂದು ಯಂತ್ರ ಇಟ್ಟಿದ್ದರು. ಒಂದು ಗೋಡೆಯ ತುಂಬ ಬಣ್ಣಬಣ್ಣದ ಇ-ಸಿಗರೇಟು. ಅದನ್ನು ಭಾರತ 2019ರಲ್ಲೇ ನಿಷೇಧಿಸಿದೆ, ಹಾಗಾಗಿ ನಾನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಇನ್ನೊಂದು ಕಡೆ ದುಂಡನೆ ಡಬ್ಬಿಗಳು: ಕೋಪನ್‌ಹೇಗನ್, ಸ್ಕೋಲ್, ಗ್ರಿಜ್ಲಿ. ಇವು ಅಮೆರಿಕದವರು ಕೆಳದುಟಿಯಲ್ಲಿ ಅದುಮಿಟ್ಟುಕೊಂಡು ಉಗುಳುತ್ತಾ ಇರುವ ಹೊಗೆಸೊಪ್ಪು. ಅವರಲ್ಲಿ ಉಗುಳುವುದಕ್ಕೆ ಗೋಡೆ ಇಲ್ಲ. ಖಾಲಿ ಬಾಟಲಿ ಇಟ್ಟುಕೊಳ್ಳುತ್ತಾರೆ.

ಕೌಂಟರಿನ ಪಕ್ಕದಲ್ಲಿ ಗಾಜಿನ ಬಾಗಿಲಿನ ಸಣ್ಣ ಫ್ರಿಜ್. ನಮ್ಮ ಅಂಗಡಿಗಳಲ್ಲಿ ಅಂಥದ್ದರಲ್ಲಿ ತಂಪು ಪಾನೀಯ ಇರುತ್ತದೆ. ಇದರಲ್ಲಿ ಸಾಲಾಗಿ ಜೋಡಿಸಿದ್ದು ‘ಜನರಲ್’ ಎಂಬ ಹೆಸರಿನ ಸ್ವೀಡನ್ನಿನ ಸ್ನೂಸ್. ಅಂಗಡಿ ನೋಡಿಕೊಳ್ಳುತ್ತಿದ್ದ ನೇಪಾಳದ ಹುಡುಗನಿಗೆ ನನ್ನ ಹರುಕು ಹಿಂದಿಯಲ್ಲಿ ಸಂಗತಿ ಹೇಳಿದೆ. “ಖೈನಿ?” ಎಂದು ಅವನ ಮುಖ ಅರಳಿತು. ಖೈನಿ ಇಲ್ಲ, ಅಜ್ಜಿಗೆ ಬೇಕಾದರೆ ಇದು ಹತ್ತಿರ ಬರುತ್ತದೆ ಎಂದು ಫ್ರಿಜ್ ತೆರೆದ. ಹೊಗೆಸೊಪ್ಪು ಹಳಸುತ್ತದೆಯೇ? ನಮ್ಮಲ್ಲಿ ಅದು ಅಟ್ಟದ ಮೇಲೆ, ಮೂಟೆಯಲ್ಲಿ, ಒಲೆಯ ಹೊಗೆಯಲ್ಲಿ ವರ್ಷಗಟ್ಟಲೆ ಇರುತ್ತದೆ. “ಆರಿ ಹೋಗಬಾರದು, ಕೆಡಬಾರದು. ಹಾಲಿನ ಹಾಗೆ ಇದಕ್ಕೂ ತಾರೀಖು ಇರುತ್ತದೆ” ಎಂದು ಡಬ್ಬಿಯ ತಳ ತೋರಿಸಿದ.

ಕೊಳ್ಳುವ ಮೊದಲು ಗುರುತಿನ ಚೀಟಿ ಕೇಳಿದ. ಅಲ್ಲಿ 2019ರ ಡಿಸೆಂಬರಿನಿಂದ ದೇಶಕ್ಕೆಲ್ಲ ಒಂದೇ ಕಾನೂನು, 21 ತುಂಬದವರಿಗೆ ಹೊಗೆಸೊಪ್ಪು ಮಾರುವಂತಿಲ್ಲ. ದೊಡ್ಡಮ್ಮನ ತಲೆ ಪೂರ್ತಿ ಬೆಳ್ಳಗಿದ್ದರೂ ಆ ಅಂಗಡಿಯ ಬಿಲ್ಲಿನ ಯಂತ್ರಕ್ಕೆ ಹುಟ್ಟಿದ ದಿನ ಒತ್ತದೆ ಬಾಯಿ ತೆರೆಯುವ ಅಭ್ಯಾಸವಿಲ್ಲ. “ನನ್ ವಯಸ್ಸಾ? ನಂಗೇ ಗೊತ್ತಿಲ್ಲ, ಇವನಿಗೇನಂತ ಹೇಳ್ಲಿ!” ಪಾಸ್‌ಪೋರ್ಟಿನಲ್ಲಿ ಜನವರಿ 1 ಎಂದಿತ್ತು, ಆ ಪೀಳಿಗೆಯ ಅರ್ಧ ಊರು ಹುಟ್ಟಿದ ದಿನ ಅದು. ನಮ್ಮ ಕರ್ನಾಟಕವೂ ಈಗ ವಯಸ್ಸನ್ನು 18ರಿಂದ 21ಕ್ಕೆ ಏರಿಸಿದೆ, ತಿದ್ದುಪಡಿಗೆ 2025ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಹಿರಿಯೂರಿನಲ್ಲಿ ಹೆದ್ದಾರಿ ಪಕ್ಕದ ಗೂಡಂಗಡಿಯವನು ಯಾರ ಜಾತಕವನ್ನಾದರೂ ಕೇಳಿದ್ದನ್ನು ನಾನಂತೂ ನೋಡಿಲ್ಲ.

ಡಬ್ಬಿಯಲ್ಲಿ 24 ಪುಟ್ಟ ಪೊಟ್ಟಣಗಳು, ಚಹದ ಪುಡಿ ಕಟ್ಟುವಂಥ ತೆಳು ಕಾಗದದವು. ಮೇಲ್ದುಟಿಯಡಿ ಇಟ್ಟುಕೊಂಡು ಸುಮ್ಮನಿರಬೇಕು, ಉಗುಳುವ ಕೆಲಸವಿಲ್ಲ. ಮುಚ್ಚಳದ ಮೇಲೆ ಇನ್ನೊಂದು ಸಣ್ಣ ಮುಚ್ಚಳ, ಮುಗಿದದ್ದನ್ನು ಅದರೊಳಗೆ ಹಾಕಿ ಆಮೇಲೆ ಕಸಕ್ಕೆ. ಈ ಏರ್ಪಾಟು ನೋಡಿ ನನಗೆ ಹೊಟ್ಟೆಕಿಚ್ಚಾಯಿತೆಂದರೆ ತಪ್ಪಿಲ್ಲ. ನಮ್ಮ ಬಸ್ ನಿಲ್ದಾಣದ ಕಂಬಗಳ ಬುಡ ನೋಡಿದವರಿಗೆ ಅರ್ಥವಾಗುತ್ತದೆ.

ಕಾರಿನಲ್ಲೇ ಪರೀಕ್ಷೆ ನಡೆಯಿತು. ತುಟಿಯಲ್ಲಿ ಇಟ್ಟುಕೊಳ್ಳಿ ಎಂದರೆ ದೊಡ್ಡಮ್ಮ ಕೇಳಲಿಲ್ಲ. ಉಗುರಿನಿಂದ ಪೊಟ್ಟಣ ಹರಿದು, ಪುಡಿಯನ್ನು ಅಂಗೈಗೆ ಹಾಕಿ, ಮೂಸಿ, ನಾಲಗೆ ತುದಿಗೆ ತಾಗಿಸಿದರು. “ಹೇರಳೆಕಾಯಿ ಸಿಪ್ಪೆ ವಾಸ್ನೆ ಬತ್ತೈತೆ ಕಣಪ್ಪ. ಉಪ್ಪು ಯಾಕೆ ಹಾಕವ್ರೆ, ಉಪ್ಪಿನಕಾಯಾ ಇದು?” ಅವರ ನಾಲಗೆ ಸುಳ್ಳು ಹೇಳಲಿಲ್ಲ. ಜನರಲ್ ಸ್ನೂಸಿಗೆ ಬರ್ಗಮಾಟ್ ಎಂಬ ನಿಂಬೆ ಜಾತಿಯ ಹಣ್ಣಿನ ಪರಿಮಳ ಸೇರಿಸುತ್ತಾರೆ, ಉಪ್ಪಂತೂ ಎಲ್ಲ ಸ್ನೂಸಿನಲ್ಲೂ ಇರುತ್ತದೆ. ಆಮೇಲೆ ವೀಳ್ಯದೆಲೆಗೆ ಸುಣ್ಣ ಸವರಿ, ಅಡಿಕೆಯ ಜೊತೆ ಆ ಪುಡಿಯನ್ನೇ ಸುರಿದುಕೊಂಡರು. ಒಂದು ಪೊಟ್ಟಣ ಸಾಲದೆ ಎರಡು. ಸ್ವೀಡನ್ನಿನ ಯಾವ ಅಜ್ಜನೂ ಮಾಡಿರದ ಕೆಲಸ ಅದು.

ಸುಣ್ಣ ಯಾಕೆ ಬೇಕು? ನಿಕೋಟಿನ್ ಕ್ಷಾರದ ನಡುವೆ ಇದ್ದಾಗ ಮಾತ್ರ ಬಾಯಿಯ ತೆಳು ಚರ್ಮವನ್ನು ಸುಲಭವಾಗಿ ದಾಟಿ ರಕ್ತಕ್ಕೆ ಇಳಿಯುತ್ತದೆ. ನಮ್ಮವರು ಅದಕ್ಕೆ ಸುಣ್ಣ ಹಚ್ಚುತ್ತಾರೆ, ಸ್ವೀಡನ್ನಿನವರು ಸೋಡಿಯಂ ಕಾರ್ಬೊನೇಟ್, ಅಂದರೆ ಬಟ್ಟೆ ಸೋಡ ಬೆರೆಸುತ್ತಾರೆ. ಸಮುದ್ರದ ಆಚೆ ಈಚೆಯ ಎರಡು ದೇಶದ ಅಜ್ಜಿಯರೂ ಅಜ್ಜಂದಿರೂ ರಸಾಯನಶಾಸ್ತ್ರ ಓದದೆ ಒಂದೇ ಉತ್ತರ ಬರೆದಿದ್ದಾರೆ. ದೊಡ್ಡಮ್ಮ ಸೋಡ ಇದ್ದ ಪುಡಿಗೆ ಮೇಲೆ ಸುಣ್ಣವನ್ನೂ ಹಚ್ಚಿದ್ದರಿಂದ ಸ್ವಲ್ಪ ಹೊತ್ತಿಗೆ ತಲೆ ತಿರುಗಿ ಕಾರಿನ ಸೀಟಿಗೆ ಒರಗಿದರು. ಎದ್ದ ಮೇಲೆ ಕೊಟ್ಟ ತೀರ್ಪು: “ಜೋರೈತೆ. ರುಚಿ ಇಲ್ಲ.”

ವ್ಯತ್ಯಾಸ ಇರುವುದು ಮುಂದಿನ ಹೆಜ್ಜೆಯಲ್ಲಿ. ಹೊಗೆಸೊಪ್ಪನ್ನು ಹುಳಿಸಿದಾಗ, ಬೆಂಕಿಯ ಹೊಗೆಯಲ್ಲಿ ಹದಮಾಡಿದಾಗ, ತೇವದಲ್ಲಿ ಬಹಳ ಕಾಲ ಇಟ್ಟಾಗ ನೈಟ್ರೊಸಮೈನ್ ಎಂಬ ವಿಷಗಳು ಹುಟ್ಟುತ್ತವೆ, ಬಾಯಿಯ ಕ್ಯಾನ್ಸರಿಗೆ ಮುಖ್ಯ ಕಾರಣಗಳಲ್ಲಿ ಅವು ಸೇರಿವೆ. ಸ್ವೀಡನ್ನಿನವರು ಪುಡಿಯನ್ನು ಹುಳಿಸುವುದಿಲ್ಲ. ಹಬೆ ಹಾಯಿಸಿ ಬಿಸಿ ಮಾಡಿ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತಾರೆ, ಆಮೇಲೆ ತಂಪಿನಲ್ಲಿಡುತ್ತಾರೆ. ಫ್ರಿಜ್ಜಿನ ಗುಟ್ಟು ಅದು. ಜನರಲ್ ತಯಾರಿಸುವ ಸ್ವೀಡಿಷ್ ಮ್ಯಾಚ್ ಕಂಪನಿ ‘ಗೋಥಿಯಾಟೆಕ್’ ಎಂಬ ಅಳತೆಗೋಲು ಮಾಡಿಕೊಂಡು, ಯಾವ ವಿಷ ಎಷ್ಟಕ್ಕಿಂತ ಹೆಚ್ಚಿರಬಾರದು ಎಂದು ಗೆರೆ ಎಳೆದಿದೆ. ನಮ್ಮ ಜಗಿಯುವ ಹೊಗೆಸೊಪ್ಪಿನ ಕೆಲವು ಬಗೆಗಳನ್ನು ಪ್ರಯೋಗಾಲಯದಲ್ಲಿ ನೋಡಿದವರಿಗೆ ಇದೇ ವಿಷಗಳು ಬಹಳ ಹೆಚ್ಚು ಪ್ರಮಾಣದಲ್ಲಿ ಸಿಕ್ಕಿವೆ. ಕಡ್ಡಿಪುಡಿ ಕುಟ್ಟುವ ಮನೆಗೆ ಅಂಥ ಗೆರೆ ಹಿಡಿದುಕೊಂಡು ಯಾರು ಹೋಗಬೇಕು?

ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ, ಎಲ್ಲರೂ ಎಫ್‌ಡಿಎ ಎನ್ನುವುದು, ಜನರಲ್ ಸ್ನೂಸಿನ ಎಂಟು ಬಗೆಗಳನ್ನು 2015ರಲ್ಲಿ ಮಾರುಕಟ್ಟೆಗೆ ಬಿಟ್ಟಿತು. 2019ರ ಅಕ್ಟೋಬರಿನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಸಿಗರೇಟು ಬಿಟ್ಟು ಇದನ್ನು ಬಳಸಿದರೆ ಬಾಯಿ ಮತ್ತು ಶ್ವಾಸಕೋಶದ ಕ್ಯಾನ್ಸರ್, ಹೃದ್ರೋಗ, ಪಾರ್ಶ್ವವಾಯು ಮುಂತಾದವುಗಳ ಅಪಾಯ ಕಡಿಮೆ ಎಂದು ಹೇಳಿಕೊಳ್ಳಲು ಕಂಪನಿಗೆ ಅನುಮತಿ ಕೊಟ್ಟಿತು. ಹೀಗೆಂದು ಇದು ಸುರಕ್ಷಿತ ಅಂತಲ್ಲ, ಚಟ ಹಿಡಿಸುತ್ತದೆ ಎಂದು ಅದೇ ಇಲಾಖೆ ಸೇರಿಸಿತು. ಸ್ವೀಡನ್ನಿನಲ್ಲಿ ಸಿಗರೇಟು ಸೇದುವವರು ಯುರೋಪಿನ ಒಕ್ಕೂಟದಲ್ಲೇ ಅತಿ ಕಡಿಮೆ, ಬಹಳ ಜನ ಅದರ ಯಶಸ್ಸನ್ನು ಸ್ನೂಸಿಗೆ ಕಟ್ಟುತ್ತಾರೆ. ಇಷ್ಟಾದರೂ ಯುರೋಪಿನ ಒಕ್ಕೂಟ 1992ರಲ್ಲಿ ಸ್ನೂಸ್ ಮಾರಾಟವನ್ನೇ ನಿಷೇಧಿಸಿತು. 1995ರಲ್ಲಿ ಒಳಗೆ ಬಂದ ಸ್ವೀಡನ್ ತನಗೆ ಮಾತ್ರ ವಿನಾಯಿತಿ ಬರೆಸಿಕೊಂಡೇ ಬಂತು. ಹಾಗಾಗಿ ಸ್ವೀಡನ್ನಿನ ಮಗ್ಗುಲಿನ ಡೆನ್ಮಾರ್ಕಿನ ಅಂಗಡಿಯಲ್ಲಿ ಮಾರುವಂತಿಲ್ಲದ ಸಾಮಾನು ಸಾಗರದಾಚೆಯ ಮಿನಿಯಾಪೊಲಿಸ್ಸಿನಲ್ಲಿ ಪಿಜ್ಜಾ ಅಂಗಡಿಯ ಪಕ್ಕ ಸಿಗುತ್ತದೆ.

ಸ್ವೀಡಿಷ್ ಮ್ಯಾಚ್ ಎಂಬ ಹೆಸರು ಎಲ್ಲೋ ಕೇಳಿದ್ದೆನಲ್ಲ ಎಂದು ತಲೆ ಕೆರೆದುಕೊಂಡೆ. ಮ್ಯಾಚ್ ಎಂದರೆ ಬೆಂಕಿಕಡ್ಡಿ. 1923ರಲ್ಲಿ ಭಾರತಕ್ಕೆ ಬಂದು ವಿಮ್ಕೊ ಎಂಬ ಹೆಸರಿನಲ್ಲಿ ಕಾರ್ಖಾನೆ ಹಾಕಿ, ಹಡಗಿನ ಚಿತ್ರದ ಬೆಂಕಿಪೊಟ್ಟಣ ಮಾರಿದವರು ಇವರೇ. 2005ರಲ್ಲಿ ಅದು ಐಟಿಸಿಯ ಕೈಗೆ ಹೋಯಿತು. ದೊಡ್ಡಮ್ಮನಿಗೆ ಹೇಳಿದೆ. “ಹಡಗಿನ ಮಾರ್ಕಿನೋರಾ? ಮಳೆಗಾಲದಾಗೂ ಹತ್ಕೊಳ್ಳೋದು” ಎಂದು ಮೊದಲ ಬಾರಿಗೆ ಆ ಡಬ್ಬಿಯನ್ನು ಮರ್ಯಾದೆಯಿಂದ ನೋಡಿದರು. ಆ ಕಂಪನಿಯನ್ನೂ 2022ರಲ್ಲಿ ಮಾರ್ಲ್‌ಬರೊ ಸಿಗರೇಟಿನ ಫಿಲಿಪ್ ಮಾರಿಸ್ ಇಂಟರ್‌ನ್ಯಾಷನಲ್ ಕೊಂಡುಕೊಂಡಿದೆ. ಸಿಗರೇಟು ಮಾರುವವನೇ ಸಿಗರೇಟು ಬಿಡಿಸುವ ಸಾಮಾನನ್ನೂ ಮಾರುತ್ತಾನೆ. ನಮ್ಮ ಕಡೆ ಸಾಲ ಕೊಟ್ಟವನೇ ಪಂಚಾಯ್ತಿಗೂ ಬಂದು ಕೂರುತ್ತಿದ್ದ, ಹೊಸದೇನಲ್ಲ.

ಸೀಡರ್ ಅವೆನ್ಯೂ ನೋಡಲೇಬೇಕೆಂದು ಹಟ ಹಿಡಿದವನು ನಾನು. 19ನೇ ಶತಮಾನದ ನಡುವಿನಿಂದ 1930ರವರೆಗೆ ಸ್ವೀಡನ್ ಬಿಟ್ಟು ಅಮೆರಿಕಕ್ಕೆ ಬಂದವರು 12 ಲಕ್ಷಕ್ಕೂ ಹೆಚ್ಚು. 1867ರಿಂದ 69ರವರೆಗೆ ಅಲ್ಲಿ ಬಿದ್ದ ಬರ ಬಹಳ ಜನರನ್ನು ಎಬ್ಬಿಸಿತು. ಹತ್ತು ವರ್ಷ ಕಳೆಯುವುದರೊಳಗೆ ಮೈಸೂರು ಸೀಮೆಗೂ ಧಾತು ಸಂವತ್ಸರದ ಬರ ಬಂತು. ನಮ್ಮ ಬಯಲು ಸೀಮೆಯವರಿಗೆ ಹಡಗು ಹತ್ತುವ ದಾರಿಯಿರಲಿಲ್ಲ. ಬರ ಬಂದಾಗಲೆಲ್ಲ ಕಾಫಿ ತೋಟದ ಕೂಲಿ ಹುಡುಕಿ ಘಟ್ಟದ ಕಡೆ ನಡೆದರು, ನಡೆಯುವ ಶಕ್ತಿಯಿದ್ದವರು. ಸ್ವೀಡನ್ನಿನವರು ಮಿನೆಸೋಟದ ಕಾಡು ಕಡಿದರು, ಗಣಿ ತೋಡಿದರು, ಮಿಸಿಸಿಪಿ ದಂಡೆಯ ಗಿರಣಿಗಳಲ್ಲಿ ದುಡಿದರು. ಎರಡು ಕೈಯಲ್ಲೂ ಗರಗಸ ಹಿಡಿದು ಒಣ ಕಾಡಿನಲ್ಲಿ ನಿಂತವನಿಗೆ ಬೆಂಕಿ ಹಚ್ಚುವ ಚಟ ಒಗ್ಗುವುದಿಲ್ಲ. ಅಡಿಕೆ ಸುಲಿಯುವ ದೊಡ್ಡಮ್ಮನದೂ ಅದೇ ಲೆಕ್ಕ.

ಈಗ ಆ ಬೀದಿಯಲ್ಲಿ ಸ್ವೀಡನ್ನಿನವರ ಸುಳಿವಿಲ್ಲ. ರಿವರ್‌ಸೈಡ್ ಪ್ಲಾಜಾ ಎಂಬ ಎತ್ತರದ ಕಟ್ಟಡಗಳ ಗುಂಪು, ಅದರ ಸುತ್ತ ಸೊಮಾಲಿಯಾದಿಂದ ಬಂದವರ ಚಹದಂಗಡಿ, ಬಟ್ಟೆ ಅಂಗಡಿ. ದೊಡ್ಡಮ್ಮನ ಹಾಗೆಯೇ ತಲೆ ತುಂಬ ಹೊದ್ದ ಹೆಂಗಸರು ಮಕ್ಕಳ ಕೈ ಹಿಡಿದು ನಡೆಯುತ್ತಿದ್ದರು. ಒಬ್ಬಾಕೆ ದೊಡ್ಡಮ್ಮನ ಕೆಂಪು ತುಟಿ ನೋಡಿ ನಕ್ಕು ಏನೋ ಅಂದಳು, ಇವರೂ ಕನ್ನಡದಲ್ಲಿ ಏನೋ ಅಂದರು, ಇಬ್ಬರಿಗೂ ಸಮಾಧಾನವಾದಂತೆ ಕಂಡಿತು.

ಸ್ವೀಡನ್ನಿನ ಗುರುತು ಬೇಕಿದ್ದರೆ ಉತ್ತರಕ್ಕೆ ಲಿಂಡ್‌ಸ್ಟ್ರಾಮ್ ಎಂಬ ಊರಿಗೆ ಹೋಗಬೇಕು. ಅಲ್ಲಿಯ ನೀರಿನ ಟ್ಯಾಂಕನ್ನೇ ಕಾಫಿ ಹೂಜಿಯ ಆಕಾರಕ್ಕೆ ತಿದ್ದಿದ್ದಾರೆ. ಊರಿನ ಬೀದಿಯಲ್ಲಿ ವಲಸೆಗಾರ ದಂಪತಿಗಳ ಪ್ರತಿಮೆ, ವಿಲ್ಹೆಲ್ಮ್ ಮೂಬರ್ಗ್ ಎಂಬ ಸ್ವೀಡಿಷ್ ಕಾದಂಬರಿಕಾರನ ಪಾತ್ರಗಳು. ಗಂಡ ಮುಂದೆ ನೋಡುತ್ತಿದ್ದಾನೆ, ಹೆಂಡತಿ ಹಿಂತಿರುಗಿ ಬಿಟ್ಟು ಬಂದ ಊರಿನ ದಿಕ್ಕಿಗೆ ನೋಡುತ್ತಿದ್ದಾಳೆ. “ಎಮ್ಮೆ ಯಾರ್ ಕೈಗೆ ಒಪ್ಸಿ ಬಂದ್ಲೋ ಪಾಪ” ಅಂದರು ದೊಡ್ಡಮ್ಮ. ದಾರಿಯುದ್ದಕ್ಕೂ ಕೆರೆಗಳು. ಹತ್ತು ಸಾವಿರ ಕೆರೆಗಳ ನಾಡು ಎಂದು ಕಾರಿನ ನಂಬರ್ ಪ್ಲೇಟಿನ ಮೇಲೂ ಬರೆದುಕೊಳ್ಳುತ್ತಾರೆ. ಮಾರಿಕಣಿವೆ ಜಲಾಶಯ 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ಬುತ್ತಿ ಕಟ್ಟಿಕೊಂಡು ನೋಡಲು ಹೋದ ಹಿರಿಯೂರಿನ ಹೆಣ್ಣುಮಗಳಿಗೆ ಅದು ಚೂರೂ ಹಿಡಿಸಲಿಲ್ಲ. ಇಷ್ಟು ನೀರು ಸುಮ್ಮನೆ ಬಿದ್ದಿದೆ, ಒಂದು ತೆಂಗಿನ ಗಿಡ ಇಲ್ಲ!

ಊರಿನ ಅಂಗಡಿಗಳ ಬಗ್ಗೆ ಹೇಳದೆ ಇದು ಪೂರ್ತಿಯಾಗುವುದಿಲ್ಲ. ಕರ್ನಾಟಕ ಸರ್ಕಾರ 2013ರ ಮೇ ತಿಂಗಳಲ್ಲಿ ಗುಟ್ಕಾ ನಿಷೇಧಿಸಿತು. ಅದಾದ ಮೇಲೆ ಪಾನ್ ಮಸಾಲ ಬೇರೆ, ಹೊಗೆಸೊಪ್ಪು ಬೇರೆ ಪೊಟ್ಟಣವಾಗಿ ಪಕ್ಕಪಕ್ಕ ತೂಗತೊಡಗಿದವು. ಕೊಳ್ಳುವವನು ಎರಡನ್ನೂ ಹರಿದು ಬಾಯಿಗೆ ಹಾಕಿ ಕಾನೂನಿನ ಕೊನೆಯ ಕೆಲಸವನ್ನು ತಾನೇ ಮುಗಿಸುತ್ತಾನೆ. ಚಿತ್ರದುರ್ಗದ ಲಕ್ಷ್ಮೀಬಜಾರಿನಿಂದ ಹೊಸದುರ್ಗದ ಬಸ್ ನಿಲ್ದಾಣದವರೆಗೆ ಇದೇ ನೋಟ. ಮಾಲೆಗಳ ಹಿಂದೆ ಎಲ್ಲೋ ಮೂಲೆಯಲ್ಲಿ ಕಡ್ಡಿಪುಡಿ. ಕೇಳುವವರು ಹೆಚ್ಚಾಗಿ ವಯಸ್ಸಾದವರು. ಹುಡುಗರಿಗೆ ಹೊಳೆಯುವ ಪೊಟ್ಟಣವೇ ಬೇಕು.

ನನಗೆ ಇರುಸುಮುರುಸಾಗುವುದು ಇನ್ನೊಂದು ಮಾತಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನೇ, ಹೊಗೆಸೊಪ್ಪು ಸೇರದ ಬರಿಯ ಅಡಿಕೆಯನ್ನೇ, ಕ್ಯಾನ್ಸರ್ ತರುವ ವಸ್ತುಗಳ ಮೊದಲ ಪಟ್ಟಿಗೆ ಹಾಕಿದೆ. ದೊಡ್ಡಮ್ಮನ ಮಕ್ಕಳಿಬ್ಬರೂ ಓದಿದ್ದು, ಒಬ್ಬ ಅಮೆರಿಕಕ್ಕೆ ಬಂದದ್ದು ಅಡಿಕೆಯಿಂದ. ಹೊಳಲ್ಕೆರೆಯ ತೋಟದವರೆದುರು, ಭೀಮಸಮುದ್ರದ ವ್ಯಾಪಾರಿಗಳೆದುರು ಈ ವಾಕ್ಯ ಹೇಳಿದರೆ ಮುಂದಿನ ಮಾತು ನಡೆಯುವುದಿಲ್ಲ. ನಾನೂ ಹೇಳಿದ್ದಿಲ್ಲ. ಸ್ನೂಸ್ ಡಬ್ಬಿಯ ಮೇಲೆ ‘ಬಾಯಿ ಕ್ಯಾನ್ಸರ್ ತರಬಹುದು’ ಎಂದು ಅಚ್ಚಾದದ್ದನ್ನು ದೊಡ್ಡಮ್ಮನಿಗೆ ಕನ್ನಡ ಮಾಡಿ ಓದಿದೆ. ಅಷ್ಟು ಓದಿ ಮಡಿಲಲ್ಲಿದ್ದ ಅಡಿಕೆಯ ಕಡೆ ನೋಡಿದೆ, ಅದರ ಮೇಲೆ ಏನೂ ಬರೆದಿರಲಿಲ್ಲ.

ಹೊರಡುವ ಮುಂಚೆ ಇನ್ನೊಮ್ಮೆ ಆ ಅಂಗಡಿಗೆ ಹೋದೆವು. ಸ್ನೂಸ್ ಸಾಲು ಚಿಕ್ಕದಾಗಿತ್ತು. ಪಕ್ಕದ ಗೋಡೆಯ ತುಂಬ ‘ಜಿನ್’ ಎಂಬ ಬಿಳಿ ಡಬ್ಬಿಗಳು, ಅದೇ ಸ್ವೀಡಿಷ್ ಮ್ಯಾಚಿನವು. ಎಫ್‌ಡಿಎ 2025ರ ಜನವರಿಯಲ್ಲಿ ಅದರ 20 ಬಗೆಗಳಿಗೆ ಒಪ್ಪಿಗೆ ಕೊಟ್ಟಿದೆ. ಒಳಗೆ ಹೊಗೆಸೊಪ್ಪಿನ ಎಲೆಯೇ ಇಲ್ಲ. ಬೇರ್ಪಡಿಸಿದ ನಿಕೋಟಿನ್ನನ್ನು ಬಿಳಿ ಪುಡಿಯಲ್ಲಿ ಬೆರೆಸಿ ಪೊಟ್ಟಣ ಕಟ್ಟುತ್ತಾರೆ, ಅಂಗಡಿಯವನಿಗೆ ಫ್ರಿಜ್ಜಿನ ಖರ್ಚೂ ಇಲ್ಲ. ಈಗಿನವರೆಲ್ಲ ಇದನ್ನೇ ಕೇಳುತ್ತಾರೆ, ಸ್ನೂಸ್ ಬೇಕೆನ್ನುವವರು ಹಳಬರು ಮಾತ್ರ ಎಂದ ನೇಪಾಳದ ಹುಡುಗ. ನಾನು ಕನ್ನಡದಲ್ಲಿ ವಿವರಿಸಿದೆ.

“ಸೊಪ್ಪೇ ಇಲ್ದ ಹೊಗೆಸೊಪ್ಪಾ?” ದೊಡ್ಡಮ್ಮ ಡಬ್ಬಿಯನ್ನು ಅಲ್ಲಾಡಿಸಿ ನೋಡಿದರು. “ಹಂಗಾದ್ರೆ ಬೆಳೆಯೋರ ಗತಿ?”

ಪಿರಿಯಾಪಟ್ಟಣ, ಹುಣಸೂರುಗಳ ಹೊಗೆಸೊಪ್ಪಿನ ರೈತರು ಕೇಳಬೇಕಾದ ಪ್ರಶ್ನೆಯನ್ನು ಮಿನಿಯಾಪೊಲಿಸ್ಸಿನಲ್ಲಿ ನಿಂತು ಕೇಳಿದ್ದರು. ಹುಡುಗನಿಗೆ ಹಿಂದಿಯಲ್ಲಿ ಹೇಳಿದೆ. ಅವನು ತಲೆಯಾಡಿಸಿ, ತನ್ನ ಅಜ್ಜಿಯೂ ಇದನ್ನೇ ಕೇಳುತ್ತಿದ್ದಳು ಎಂದ. ದೊಡ್ಡಮ್ಮ ಡಬ್ಬಿ ವಾಪಸು ಇಟ್ಟು, ಅವನ ಊರಿನಲ್ಲಿ ಅಡಿಕೆ ಬೆಳೆಯುತ್ತಾರಾ, ಕ್ವಿಂಟಾಲಿಗೆ ಎಷ್ಟು ನಡೀತದೆ ಕೇಳು ಎಂದರು.